ಉಸ್ತಾದರ ಕೈ ತಪ್ಪಿರಲಿಲ್ಲ

ನಮ್ಮಣ್ಣನ ಸಾವಿಗೆ ಉಸ್ತಾದರ ಕೈ ಕಾರಣ ಎಂದು ಹೋಳೂರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಆ ಕೈಗೆ ಮೋಸ ಮಾಡಿದವನು ನಾನು.

ನಲವತ್ತರ ದಶಕದ ಮಾತು. ನಮ್ಮ ಗರಡಿಯ ಉಸ್ತಾದರು ಸಾಬರು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದು ಅವರ ಕಸುಬು. ಕುಸ್ತಿಯ ಜೊತೆಗೆ ದೂರದ ಓಟವನ್ನೂ ಕಲಿಸುತ್ತಿದ್ದರು. ಬೆಳಗ್ಗೆ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ಕುತ್ತಿಗೆಯ ಮೇಲೂ ಅಂಗೈ ಇಡುವರು. ಮೈ ಬಿಸಿಯಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಗೋಗರೆದರೂ ಅಷ್ಟೇ.

"ಮನೆಗೋಗಿ ಮಲ್ಕೋ ಬೇಟಾ. ನಿನ್ನ ದಮ್ಮು ಎಲ್ಲೂ ಓಡೋಗಲ್ಲ, ನಾಳೆನೂ ಇಲ್ಲೇ ಇರ್ತದೆ."

ಒಂದು ವರ್ಷ ಶ್ರೀನಿವಾಸಪುರದವರೆಗಿನ ಓಟದಲ್ಲಿ ಅಣ್ಣನೇ ಮುಂದಿದ್ದ. ದಾರಿಯಲ್ಲಿ ತೊಡೆ ಹಿಡಿದುಕೊಂಡಿತು. ಸೈಕಲ್ಲಿನಲ್ಲಿ ಜೊತೆಗಿದ್ದ ಉಸ್ತಾದರು ನಿಲ್ಲು ಎಂದರು. ನಿಂತ. ಆಮೇಲೆ ವರ್ಷವಿಡೀ ಬಾವಿಕಟ್ಟೆಯಲ್ಲಿ, ರಾಗಿ ಹೊಲದಲ್ಲಿ ಒಂದೇ ಮಾತು: "ಏನ್ಲಾ, ಈ ಸಲ ಎಲ್ಲಿಗಂಟ ಓಡಿ ಕುಂತ್ಕೊಂತೀಯ?" ಅಣ್ಣ ನಗುತ್ತಿದ್ದ. ಮನೆಗೆ ಬಂದರೆ ಮುದ್ದೆ ಮುಟ್ಟುತ್ತಿರಲಿಲ್ಲ.

ಮರುವರ್ಷ ಓಟದ ದಿನ ಬೆಳಗ್ಗೆ ಅವನ ಮೈ ಕೆಂಡವಾಗಿತ್ತು. ಬಾವಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಹುಯ್ಯೋ ನೀರು. ಕತ್ತು ತಣ್ಣಗಾಗೋಗಂಟ ಹುಯ್ಯಿ."

"ಬ್ಯಾಡ ಕಣಣ್ಣ. ಉಸ್ತಾದರಿಗೆ ಹೇಳ್ತೀನಿ."

"ಹೇಳೋಗು. ಆಮೇಲೆ ನನ್ನ ಅಣ್ಣ ಅನ್ನಬ್ಯಾಡ."

ನಾನೂ ಅದೇ ಓಟಕ್ಕೆ ಹೊರಟಿದ್ದವನು, ತಿಳಿವಳಿಕೆ ಬಂದಿದ್ದ ವಯಸ್ಸು. ಆದರೂ ಹೊಯ್ದೆ, ಎಷ್ಟು ಕೊಡವೋ ನೆನಪಿಲ್ಲ. ಮೇಲೆ ಗರಡಿಯ ಕೆಮ್ಮಣ್ಣನ್ನು ಹಸಿಯಾಗಿ ಅವನ ಕುತ್ತಿಗೆಗೆ ಮೆತ್ತಿದೆ. ನಾವೆಲ್ಲ ಮಣ್ಣು ಹಚ್ಚುವವರೇ, ಯಾರಿಗೂ ಅನುಮಾನ ಬರಲಿಲ್ಲ. ಉಸ್ತಾದರು ಕೈಯಿಟ್ಟು, "ತಣ್ಣಗಿದ್ದೀಯ. ಹೋಗು ಬೇಟಾ" ಎಂದರು.

ಅಣ್ಣ ಎಲ್ಲೂ ನಿಲ್ಲಲಿಲ್ಲ. ನಾನು ಶ್ರೀನಿವಾಸಪುರ ಮುಟ್ಟುವಾಗ ಹೊಂಗೆ ಮರದ ಕೆಳಗೆ ಅಡ್ಡ ಬಿದ್ದಿದ್ದ. "ಕೂತ್ಕೊಂಡಿಲ್ಲ ಕಣೋ, ಹೇಳು ಅವರಿಗೆ" ಎಂದ. ಗಾಡಿಯಲ್ಲಿ ಊರಿಗೆ ತಂದೆವು. ಜ್ವರ ಇಳಿಯಲೇ ಇಲ್ಲ, ಮೂರನೆಯ ದಿನ ಹೋಗಿಬಿಟ್ಟ.

ಉಸ್ತಾದರು ನಮ್ಮ ಮನೆಗೆ ಬಂದು ಅಂಗೈಯನ್ನು ಅಮ್ಮನ ಮುಂದೆ ಚಾಚಿದರು. "ಬೆಂಕಿ ಕೆಲ್ಸ ಮಾಡಿ ಮಾಡಿ ಈ ಕೈ ಸತ್ತೋಗೈತೆ ಅಮ್ಮಾ. ಬಿಸಿ ಗೊತ್ತಾಗ್ಲಿಲ್ಲ."

ಅಮ್ಮ ಮುಖ ತಿರುಗಿಸಿದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನೋವು ಬಂದಾಗ ಹಲ್ಲು ಕಚ್ಚಿ ಬಾಯಿ ಮುಚ್ಚಿರುವುದನ್ನು ಗರಡಿಯಲ್ಲಿ ಚೆನ್ನಾಗಿಯೇ ಕಲಿತಿದ್ದೆ.

ಅವರು ಗರಡಿಗೆ ಬೀಗ ಹಾಕಿದರು. ಒಂದೆರಡು ವರ್ಷದ ಮೇಲೆ ಹಾಸಿಗೆ ಹಿಡಿದರೆಂದು ನೋಡಲು ಹೋದೆ. ನನ್ನ ಕೈಯನ್ನು ತಾವೇ ಎಳೆದು ತಮ್ಮ ಕುತ್ತಿಗೆಗೆ ಒತ್ತಿಕೊಂಡರು.

"ಬಿಸಿ ಐತೇನೋ? ನನ್ನ ಕೈಗೆ ತಿಳಿಯಲ್ಲ."

"ಐತೆ ಉಸ್ತಾದ್" ಎಂದೆ. ಅಷ್ಟನ್ನೇ ಹೇಳಿ ಎದ್ದು ಬಂದೆ.