ಯಂತ್ರಕ್ಕೆ ಬೇಜಾರಾದೀತೆಂದು

ನೂಬಿಯಾ ಅರ್ಬೊಲೆದಾ ತೀರಿಕೊಂಡು ತಿಂಗಳಾಯಿತು. ಗೆಳತಿಯ ಬಗ್ಗೆ ಗಂಭೀರವಾಗಿ ಬರೆಯಬೇಕೆಂದು ಕೂತೆ, ಆಗಲಿಲ್ಲ. ನಮ್ಮಲ್ಲಿ ಯಾರನ್ನೂ ಅವಳು ಗಂಭೀರವಾಗಿರಲು ಬಿಟ್ಟವಳಲ್ಲ.

ಕೊಲಂಬಿಯಾದ ಬೆಟ್ಟದೂರು ಸಾಂತಾ ಎಲ್ವಿರಾದಲ್ಲಿ ನಮ್ಮದು ಜ್ವಾಲಾಮುಖಿಯ ನಾಡಿ ಹಿಡಿದು ಕೂರುವ ಕಚೇರಿ. ಬೆಟ್ಟ ಕಂಪಿಸಿದರೆ ಕೃತಕ ಬುದ್ಧಿಯ ಯಂತ್ರವೊಂದು ಕಾರಣ ತರ್ಕಿಸುತ್ತದೆ, ನಾವು ಪರಿಶೀಲಿಸುತ್ತೇವೆ. ಯಂತ್ರಕ್ಕೂ ನಮಗೂ ನಡುವಿನ ಕಂಪ್ಯೂಟರ್ ಪರದೆಯನ್ನು ರೂಪಿಸಿದವಳು ನೂಬಿಯಾ. ಮೊದಲು ಅದರಲ್ಲಿ ಯಂತ್ರದ ತೀರ್ಮಾನ, ಕೆಳಗೆ 'ಒಪ್ಪಿದೆ', 'ಒಪ್ಪಿಲ್ಲ' ಎಂಬ ಗುಂಡಿಗಳಿದ್ದವು. ಎರಡನೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ. ಇನ್ನೊಂದು ಅರೆಪಾ ರೊಟ್ಟಿ ಬೇಡವೆನ್ನಲು ಹತ್ತು ಸಲ ಕ್ಷಮೆ ಕೇಳುವ ಊರು ನಮ್ಮದು.

ಹೀಗಿರುವಾಗ ಒಂದು ದಿನ ಯಂತ್ರ 'ಶಿಲಾರಸ ಮೇಲೇರುತ್ತಿದೆ' ಎಂದಿತು. ನಮ್ಮಲ್ಲಿ ಹಿರಿಯರಾದ್ದರಿಂದ ಗೌರವಕ್ಕೆ 'ದೋನ್' ಎನ್ನಿಸಿಕೊಂಡ ಎವೆಲಿಯೋ ಒಪ್ಪಿದರು. ಮೇಲಿನ ಹಳ್ಳಿಯ ಆಲೂಗಡ್ಡೆ ಬೆಳೆಗಾರರನ್ನೆಲ್ಲ ಬಸ್ಸು ಹತ್ತಿಸಿ ಕೆಳಗಿನ ಶಾಲೆಗೆ ಸಾಗಿಸಿದ್ದಾಯಿತು. ಆಮೇಲೆ ನೋಡಿದರೆ, ಕಂಪನ ಅಳೆಯುವ ಉಪಕರಣಗಳಲ್ಲೊಂದರ ಕಂಬಕ್ಕೆ ಹಸುವೊಂದು ಬೆನ್ನು ಉಜ್ಜುತ್ತಿತ್ತು.

"ಇದು ಶಿಲಾರಸ ಅಲ್ಲ ಅಂತ ನಂಗೆ ಆಗ್ಲೇ ಅನ್ನಿಸಿತ್ತಮ್ಮ," ಎಂದರು ದೋನ್ ಎವೆಲಿಯೋ. "ಅದು ಅಷ್ಟು ಖಚಿತವಾಗಿ ಹೇಳ್ತಿರುವಾಗ ಇಲ್ಲ ಅಂದ್ರೆ ಚೆನ್ನಾಗಿರುತ್ತಾ?"

"ಯಂತ್ರದ ಮನಸ್ಸು ನೊಂದೀತು ಅಂತ ಇಡೀ ಹಳ್ಳೀನೇ ಎಬ್ಬಿಸಿದ್ರಲ್ಲ ದೋನ್," ಎಂದಳು ನೂಬಿಯಾ. "ಹಸುಗೂ ಒಂದು ಕ್ಷಮೆ ಕೇಳ್ಬಿಡಿ."

ಹಳ್ಳಿಯವರು ಮಾತ್ರ ನಗಲಿಲ್ಲ. ಇನ್ನೊಮ್ಮೆ ಸುಮ್ಮಸುಮ್ಮನೆ ಕರೆದರೆ, ನಿಜವಾದ ದಿನವೂ ತಾವು ಇಳಿಯುವುದಿಲ್ಲವೆಂದು ವಿನಯದಿಂದಲೇ ಹೇಳಿಕಳಿಸಿದರು.

ನೂಬಿಯಾ ಪರದೆಯನ್ನು ತಿರುವುಮುರುವು ಮಾಡಿದಳು. ಈಗ ಮೊದಲು ನಾವು ನಮಗನ್ನಿಸಿದ್ದನ್ನು ಬರೆಯಬೇಕು. ಅಲ್ಲಿಯವರೆಗೆ ಯಂತ್ರ ಬಾಯಿ ಬಿಡುವಂತಿಲ್ಲ. ಬಿಟ್ಟಾಗಲೂ ಯಾವ ಉಪಕರಣದ ಮಾತು ಕೇಳಿ ಹಾಗೆಂದಿತು ಎಂಬುದನ್ನು ಬಿಡಿಸಿ ತೋರಿಸಬೇಕು. ಅಕ್ಷರ ಸಣ್ಣದಾಯಿತೆಂದು ಆಸ್ಪತ್ರೆಯ ಮಂಚದಿಂದಲೂ ಫೋನು ಮಾಡಿ ತಿದ್ದಿಸಿದಳು.

ಕಳೆದ ವಾರ, ಆಲೂಗಡ್ಡೆ ಕೀಳುವ ಹೊತ್ತಿಗೆ ಸರಿಯಾಗಿ, ಮತ್ತೆ ಕಂಪನ. ದೋನ್ ಎವೆಲಿಯೋ ಬಹಳ ಹೊತ್ತು ಗೆರೆಗಳನ್ನು ನೋಡಿ 'ಹಸು' ಎಂದು ಬರೆದರು. ಯಂತ್ರ 'ಶಿಲಾರಸ' ಎಂದಿತು. ಕಾರಣ ಬಿಡಿಸಿದರೆ, ಕಂಪನ ಕಂಡದ್ದು ಒಂದೇ ಉಪಕರಣದಲ್ಲಿ. ಬೆಟ್ಟವೇ ನಡುಗಿದ್ದರೆ ಉಳಿದವು ಸುಮ್ಮನಿರುತ್ತಿರಲಿಲ್ಲ. ಹಳ್ಳಿಗೆ ಫೋನು ಮಾಡಿ ಕೇಳಿದೆವು. ಹಸುವೇ. ಬಸ್ಸು ಹೊರಡಲಿಲ್ಲ.

ಯಂತ್ರದ ತೀರ್ಮಾನವನ್ನು ತಳ್ಳಿಹಾಕುವ ಮುನ್ನ ದೋನ್ ಎವೆಲಿಯೋ ಪರದೆಯತ್ತ ಬಾಗಿ, "ಬೇಜಾರು ಮಾಡ್ಕೋಬೇಡಪ್ಪ" ಎಂದರು.

ನಾನು ಅಭ್ಯಾಸಬಲದಿಂದ ನೂಬಿಯಾಳ ಕುರ್ಚಿಯ ಕಡೆ ತಿರುಗಿದೆ. ಅವಳಿದ್ದಿದ್ದರೆ ಇದೊಂದನ್ನೇ ಹಿಡಿದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು.