ಶ್ರೀಮತಿ ಟೀಚರ್ ಬಿಡಿಸಿದ ಬಂಗುಡೆ
ಮಲ್ಪೆಯ ನಮ್ಮ ಒಂದನೆಯ ತರಗತಿಗೆ ಶ್ರೀಮತಿ ಟೀಚರ್ ಉಡುಪಿಯ ರಥಬೀದಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೀನಿನ ಲಾರಿ ಎದುರಾದರೆ ಸೆರಗು ಮೂಗಿಗೆ, ಮಕ್ಕಳು ತುಳು ಮಾತಾಡಿದರೆ ಬೆರಳು ತುಟಿಗೆ. ಅವರ ಮನೆಮಾತೂ ತುಳುವೇ, ಆದರೆ ಶಾಲೆಯ ಗೇಟು ದಾಟಿದರೆ ಬೀದಿನಾಯಿಯನ್ನೂ “ದಯವಿಟ್ಟು ಪಕ್ಕಕ್ಕೆ ಸರಿಯಬೇಕು” ಎಂದೇ ಓಡಿಸುವವರು. ಮಕ್ಕಳನ್ನು ಸೇರಿಸಲು ಬಂದವರಿಗೆಲ್ಲ ಅವರದು ಒಂದೇ ಪ್ರಶ್ನೆ: “ಮನೆಯಲ್ಲಿ ಕನ್ನಡ ಉಂಟಾ?” ಎಪ್ಪತ್ತೆಂಟರ ಜೂನಿನಲ್ಲಿ ಬೋಟಿನ ಚೆನ್ನಪ್ಪ ಕೈಮುಗಿದು, “ಮೀನು ಉಂಟು ಟೀಚರ್, ಕನ್ನಡ ನೀವೇ ಕೊಡಬೇಕಲ್ವಾ?” ಎಂದಿದ್ದ. ಅವನ ಮಗಳು ಮೋಹಿನಿ ದೀಪಾವಳಿ ಕಳೆದರೂ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹೀಗೇ ಆದರೆ ಅವಳನ್ನು ಇನ್ನೊಂದು ವರ್ಷ ಒಂದನೆಯಲ್ಲೇ ಕೂರಿಸುವುದೆಂದು ಹೆಡ್‌ಮಾಸ್ಟರು ಹೇಳಿದ ಮರುದಿನ ಟೀಚರ್ ಪಾಠಪುಸ್ತಕ ಮುಚ್ಚಿಟ್ಟರು. ಹುಟ್ಟಿದಂದಿನಿಂದ ಮೀನು ಮುಟ್ಟದ ಕೈಯಲ್ಲಿ ಬೋರ್ಡಿನ ಮೇಲೊಂದು ಮೀನು ಬಿಡಿಸಿ, ಕೆಳಗೆ ದುಂಡಗೆ ‘ಬಂಗುಡೆ’ ಎಂದು ಬರೆದರು. ಅದೋ, ಕುಂಬಳಕಾಯಿಗೆ ಬಾಲ ಬಂದಂತಿತ್ತು. ಹಿಂದಿನ ಬೆಂಚಿನಿಂದ ಮೋಹಿನಿ ತಡೆಯಲಾರದೆ ಎದ್ದಳು: “ಅಯ್ಯೋ ಟೀಚರ್, ಇದು ಬಂಗುಡೆ ಅಲ್ಲ! ಬಂಗುಡೆಗೆ ಇಷ್ಟು ಹೊಟ್ಟೆ ಇಲ್ಲ!” ಟೀಚರ್ ಅವಳ ಕೈಗೆ ಚಾಕ್ ಕೊಟ್ಟು, ತಾವೇ ಹೋಗಿ ಅವಳ ಬೆಂಚಿನಲ್ಲಿ ಕುಳಿತರು. “ನನಗೆ ಗೊತ್ತಿಲ್ಲ ಮಗಾ, ನೀನೇ ಹೇಳಿಕೊಡು.”