ಓಲೆಯ ಡಬ್ಬಿಯೊಳಗಿನ ತೆಳುಪದರ

ನನ್ನ ಹೆಂಡತಿಯ ಓಲೆಯ ಡಬ್ಬಿಯಲ್ಲಿ ಮದುವೆಯಾದ ಹೊಸತರಿಂದಲೂ ಓಲೆ ಇಲ್ಲ. ಅದರಲ್ಲಿ ವಾಸವಾಗಿರುವುದು ನನ್ನ ಮುಗಿಯದ ಪಿಎಚ್.ಡಿ. ಉಗುರಿನಗಲದ ಬಿಲ್ಲೆಯ ಮೇಲೆ ಮಸಿ ಬಳಿದಂತೆ ಕೂತಿರುವ, ದಪ್ಪವೆಂಬುದು ಕಣ್ಣಿಗೇ ಕಾಣದ ಒಂದು ತೆಳುಪದರ. ಅದನ್ನು ವಿಶ್ವವಿದ್ಯಾಲಯದಲ್ಲಿ ತಯಾರಿಸಿ, ತಂತಿ ಅಂಟಿಸಿ, ಇನ್ನು ಅಳೆಯಬೇಕು ಎನ್ನುವಷ್ಟರಲ್ಲಿ ನ್ಯಾಮತಿಯ ಕಾಲೇಜಿನಲ್ಲಿ ನೌಕರಿ ಸಿಕ್ಕಿತು. ಹೊನ್ನಾಳಿಯಲ್ಲಿ ಮನೆ ಮಾಡಿದೆ. ದಿನಾ ಬಸ್ಸು ಹತ್ತಿದೆ. ಈಗಲೂ ಹತ್ತುತ್ತಿದ್ದೇನೆ.

ವಿಷಯ ಇಷ್ಟೇ. ಆ ಪದರವನ್ನು ಚೆನ್ನಾಗಿ ತಣ್ಣಗಾಗಿಸಿದರೆ ಅದು ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತನ್ನು ಯಾವ ತಕರಾರೂ ಇಲ್ಲದೆ ಹರಿಯಬಿಡುತ್ತದೆ. ಆದರೆ ಅದು ಒಮ್ಮೆಲೇ ಆಗುವ ಕೆಲಸವಲ್ಲ. ಆ ತಂಪು ಮುಟ್ಟುವ ಮೊದಲೇ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಜಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಅತಿವಾಹಕವಾಗಿ ಮತ್ತೆ ಮಾಮೂಲಾಗುತ್ತದೆ. ಡ್ರೈವರ್ ಬರುವ ಮುಂಚೆ ಸೀಟಿಗೆ ಟವೆಲ್ ಹಾಕಿ ಇಳಿದುಹೋಗುವ ಪ್ರಯಾಣಿಕರಂತೆ. ಬಸ್ಸು ಹೊರಟಿಲ್ಲ, ಆದರೆ ಹೊರಡುವ ಲಕ್ಷಣ ಇದೆ. ಅಯಸ್ಕಾಂತವನ್ನು ಪದರಕ್ಕೆ ನೇರವಾಗಿ ಹಿಡಿದರೆ ಈ ಟವೆಲುಗಳೆಲ್ಲ ಎದ್ದುಹೋಗುತ್ತವೆ. ಅದರ ಬಲ ಪದರದ ಮೈಗುಂಟ ಹಾಯುವಂತೆ ಅಡ್ಡ ಹಿಡಿದರೆ ಪದರ ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ತೆಳುವೇ ಅದಕ್ಕೆ ರಕ್ಷಣೆ. ಈ ವ್ಯತ್ಯಾಸವೇ ನನ್ನ ಸಂಶೋಧನೆ. ಇದನ್ನು ಕೇಳುತ್ತ ಅರ್ಧಕ್ಕೇ ಎದ್ದುಹೋಗುವವರ ಮೇಲೆ ನನಗೆ ಬೇಸರವಿಲ್ಲ. ನನ್ನ ಮಾರ್ಗದರ್ಶಕರೂ ಹಾಗೇ ನಿವೃತ್ತರಾದರು.

ಇಂಥ ಪದರಗಳಿಗೆ ತೇವ ಆಗಿಬರುವುದಿಲ್ಲ. ಇಷ್ಟು ಮಳೆಗಾಲ ಕಳೆದ ಮೇಲೆ ಅದು ಸತ್ತಿರಬೇಕು. ಸತ್ತಿದ್ದರೆ ನಾನು ಸ್ವತಂತ್ರ. ಬದುಕಿದ್ದರೆ ಪ್ರಬಂಧ ಬರೆಯಲೇಬೇಕು. ಯಾವುದೆಂದು ತಿಳಿಯಲು ದ್ರವ ನೈಟ್ರೋಜನ್ ಬೇಕು, ಅದು ನಮ್ಮ ಕಾಲೇಜು ಕಂಡರಿಯದ ಪದಾರ್ಥ.

"ಸತ್ತೈತೆ ಅಂತ ಒಂದ್ಸಲ ಖಾತ್ರಿ ಮಾಡ್ಕೊಂಡ್ ಬಿಡ್ರೀ," ಎನ್ನುತ್ತಿದ್ದಳು ಹೆಂಡತಿ. "ನಿಮಗೂ ಬಿಡುಗಡೆ, ನನ್ನ ಡಬ್ಬಿಗೂ ಬಿಡುಗಡೆ."

ಹೋದ ವರ್ಷ ಬಸ್ಸಿನಲ್ಲಿ ಪಕ್ಕ ಕೂತ ಪಶು ವೈದ್ಯರು ಮಾತಿಗೆ ಮಾತು ಬಂದು, ಹೋರಿಯ ವೀರ್ಯದ ನಳಿಕೆಗಳನ್ನು ನೈಟ್ರೋಜನ್ ಕ್ಯಾನಿನಲ್ಲೇ ಇಡುವುದಾಗಿ ಹೇಳಿದರು. ನಾನು ಸೀಟಿನಿಂದ ಎದ್ದೇಬಿಟ್ಟೆ. ನಿಂತಿದ್ದವರೊಬ್ಬರು ಆ ಜಾಗದಲ್ಲಿ ಕೂತರು.

"ಬಸ್ಸಿನಾಗೆ ಕೊಟ್ಟು ಕಳ್ಸಾಕೆ ಆಗಲ್ಲ ಮೇಷ್ಟ್ರೆ," ಎಂದರು ಡಾಕ್ಟರು. "ಆಸ್ಪತ್ರೆಗೇ ಬರ್ರಿ. ಹೊಸ ಕ್ಯಾನ್ ಬಂದ ದಿನ ಹಳೇದರ ತಳದಾಗೆ ಉಳಿದಿದ್ದು ಕೊಡ್ತೀನಿ."

ಹಾಗೆ ವಿಜ್ಞಾನದ ಆ ಮಹತ್ವದ ಪ್ರಯೋಗ ಪಶು ಆಸ್ಪತ್ರೆಯ ಜಗಲಿಯ ಮೇಲೆ ನೆರವೇರಿತು. ಎದುರಿಗೆ, ದನಗಳು ಅಲುಗದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಹಸು ಸಿಕ್ಕಿಕೊಂಡು ನಿಂತಿತ್ತು. ಅದರ ಒಡತಿ ಗೋವಿನಕೋವಿ ಹಳ್ಳಿಯ ಹೆಂಗಸು. ನಾನು ಥರ್ಮೋಕೋಲ್ ಡಬ್ಬಿಗೆ ನೈಟ್ರೋಜನ್ ಸುರಿದಾಗ ಎದ್ದ ಬಿಳಿ ಹೊಗೆ ನೋಡಿ ಹತ್ತಿರ ಬಂದಳು.

"ಏನ್ ಮೇಷ್ಟ್ರೆ, ನಿಮ್ದೂ ಬೆದೆಗೆ ಬಂದೈತಾ?"

"ಅದನ್ನೇ ನೋಡಾಕೆ ಬಂದೀನಿ ತಾಯಿ."

ಪದರವನ್ನು ಮೆಲ್ಲಗೆ ಇಳಿಸಿದೆ. ಮೀಟರಿನಲ್ಲಿ ರೋಧ, ಅಂದರೆ ವಿದ್ಯುತ್ತಿಗೆ ಪದರ ತೆಗೆಯುವ ತಕರಾರಿನ ಅಂಕಿ, ಇಳಿಯುತ್ತ ಬಂತು. ಕೊನೆಕೊನೆಗೆ ಇಳಿಯುವ ವೇಗ ಹೆಚ್ಚಿತು. ಟವೆಲುಗಳು ಬಿದ್ದಿವೆ! ಇನ್ನೇನು ಸೊನ್ನೆ ಎನ್ನುವಾಗ ಅಂಕಿ ನಿಂತುಬಿಟ್ಟಿತು. ಅದಕ್ಕಿಂತ ತಂಪು ಆ ಡಬ್ಬಿಯಲ್ಲಿ ಇರಲಿಲ್ಲ. ಕೆಟ್ಟ ಸ್ಪೀಕರಿನಿಂದ ಬಿಚ್ಚಿ ತಂದ ಅಯಸ್ಕಾಂತವನ್ನು ನೇರವಾಗಿ ಹಿಡಿದೆ. ಅಂಕಿ ತುಸು ಮೇಲೇರಿತು. ದೂರ ಸರಿಸಿದೆ, ಇಳಿಯಿತು. ಅಡ್ಡ ಹಿಡಿದೆ, ಕ್ಯಾರೇ ಅನ್ನಲಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೇ ನಡೆದುಕೊಳ್ಳುತ್ತಿತ್ತು. ಆದರೆ ಅತಿವಾಹಕವಾಗಲಿಲ್ಲ. ಅಯಸ್ಕಾಂತದ ಗುರುತು ಹಿಡಿಯುವಷ್ಟು ಜೀವವಿತ್ತು, ಪ್ರಬಂಧಕ್ಕೆ ಸಾಲುವಷ್ಟಿರಲಿಲ್ಲ.

"ಏನಂತೈತೆ?" ಎಂದಳು ಹೆಂಗಸು.

"ಬರೋ ಮನಸ್ಸೈತೆ. ಬರ್ತಿಲ್ಲ."

"ನಮ್ಮ ಹಸೂದೂ ಅದೇ ಕತೆ ಕಣ್ರಿ. ಎಷ್ಟು ಸಲ ಇಂಜೆಕ್ಷನ್ ಮಾಡ್ಸಿದ್ರೂ ಗಬ್ಬ ನಿಲ್ವಲ್ದು."

ಹಸು ಸರಳುಗಳ ನಡುವಿನಿಂದ ನನ್ನನ್ನು ನೋಡಿತು. ನಾನೂ ಅದನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಅದನ್ನು ಬಿಚ್ಚಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಸತ್ತೈತಾ?"

"ಇಲ್ಲ."

"ಹಂಗಾರೆ ಬದುಕೈತಾ?"

"ಹಂಗೂ ಹೇಳಾಕೆ ಬರಲ್ಲ."

ಅವಳು ನನ್ನ ಮುಖವನ್ನೂ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿದಳು. "ನೀವು ಹೆಣ್ಣು ನೋಡಾಕೆ ಬಂದಾಗ ನಮ್ಮಪ್ಪನ ಹತ್ರಾನೂ ಹಿಂಗೇ ಮಾತಾಡಿದ್ರಿ," ಎಂದು ಡಬ್ಬಿಯನ್ನು ಬೀರುವಿನಲ್ಲಿ, ಅದರ ಜಾಗದಲ್ಲೇ ಇಟ್ಟಳು.

ಪಿಎಚ್.ಡಿ.ಯನ್ನೇ ಬಿಟ್ಟುಬಿಡಬೇಕೆಂದು ನಿಜಕ್ಕೂ ತೀರ್ಮಾನಿಸಿದ್ದೆ. ಆದರೆ ಕೆಲವು ತಿಂಗಳ ಮೇಲೆ, ನ್ಯಾಮತಿಯಿಂದ ವಾಪಸು ಹೊರಟ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲದೆ ನಿಂತಿದ್ದಾಗ ಹಿಂದಿನಿಂದ ಗೋವಿನಕೋವಿಯ ಆ ಹೆಂಗಸಿನ ಕೂಗು ಕೇಳಿತು.

"ಮೇಷ್ಟ್ರೇ! ನಮ್ದು ನಿಂತೈತ್ರೀ! ನಿಮ್ದು?"

ಇಡೀ ಬಸ್ಸು ನನ್ನತ್ತ ತಿರುಗಿತು.

"ಇಲ್ಲ ತಾಯಿ," ಎಂದೆ.

"ಬಿಡಬ್ಯಾಡ್ರೀ ಮತ್ತೆ! ಇನ್ನೊಂದ್ಸಲ ಮಾಡ್ಸಿ ನೋಡ್ರಿ!"

ಇಳಿದುಬಿಡೋಣವೆಂದರೆ ಬಾಗಿಲ ತನಕ ಜನ. ಹೊನ್ನಾಳಿ ಬರುವವರೆಗೂ ಮೇಲಿನ ಸರಳು ಹಿಡಿದು ನಿಂತಿದ್ದೆ. ಮನೆಗೆ ಹೋದವನು ಬೀರು ತೆಗೆದು, ಡಬ್ಬಿಯಲ್ಲಿ ಪದರದ ಕೆಳಗಿದ್ದ, ತೇವ ಹಿಡಿದ ಹಳೆಯ ಹತ್ತಿ ತೆಗೆದು ಹೊಸದು ಹಾಕಿದೆ.